ಕಿವಿಗೆ ಕಿವಿ ಮುಯ್ಯಿ

ವಿಶಾಖಪಟ್ಟಣದ ಮೇ ತಿಂಗಳ ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿರುವ ಮನುಷ್ಯನಲ್ಲಿ ಕಲಾಭಿಮಾನ ಹುಟ್ಟಿಸಲು ಒಂದು ಫ್ಯಾನು ಸಾಕು. ನಮ್ಮ ಉಮಾಪತಿಯವರಲ್ಲಿ ಅದು ಹುಟ್ಟಿದ್ದು ಹೀಗೆಯೇ, 2016ರಲ್ಲಿ, ದ್ವಾರಕಾನಗರದ ಒಂದು ಗ್ರಂಥಾಲಯದ ಮಹಡಿಯ ಹಾಲಿನಲ್ಲಿ.

ಉಮಾಪತಿಯವರು ತಿಪಟೂರಿನ ಕಡೆಯವರು. ಪರವಾಡದ ಹತ್ತಿರ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಮನೆ ಪೆಂಡುರ್ತಿಯಲ್ಲಿ. ಹೆಂಡತಿ ಮಾಧವೀಲತಾ ವಿಜಯವಾಡದ ಒನ್ ಟೌನಿನವರು. ತವರಿನದು ಹುಣಸೆಹಣ್ಣಿನ ಹೋಲ್‌ಸೇಲ್ ಮಂಡಿ. ತಿಪಟೂರಿನ ಕೊಬ್ಬರಿಯವರಿಗೂ ಹುಣಸೆಹಣ್ಣಿನವರಿಗೂ ವ್ಯಾಪಾರದಲ್ಲಿ ಆದ ಪರಿಚಯ ಮುಂದೆ ಬೀಗತನವಾಯಿತು. ಅಡುಗೆಮನೆಯಲ್ಲಿ ಕೂಡಿ ಬರುವ ಎರಡು ಪದಾರ್ಥ ಮದುವೆ ಮನೆಯಲ್ಲಿ ಕೂಡಿ ಬಂದರೆ ಅದರಲ್ಲಿ ವಿಶೇಷವೇನೂ ಇಲ್ಲ.

ಕಾರ್ಖಾನೆಯಲ್ಲಿ ಅವರ ಕೆಲಸ ನೋಡುವುದು. ಮಾತ್ರೆಯ ಸ್ಟ್ರಿಪ್‌ಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಒಂದೊಂದರಲ್ಲೂ ಹತ್ತು ಮಾತ್ರೆ ಇದೆಯೋ ಇಲ್ಲವೋ ನೋಡಬೇಕು, ಇದ್ದರೆ ತಲೆ ಆಡಿಸಬೇಕು, ಆಗ ಮುಂದಿನವನು ಡಬ್ಬಿಗೆ ತುಂಬುತ್ತಾನೆ. ವರ್ಷಗಟ್ಟಲೆ ಈ ಕೆಲಸ ಮಾಡಿದವನ ತಲೆ ಆಮೇಲೆ ಅವನ ಸ್ವಾಧೀನದಲ್ಲಿ ಇರುವುದಿಲ್ಲ. ಊಟಕ್ಕೆ ಕೂತರೂ ಸರಿ, ಸಿಂಹಾಚಲದ ದೇವರ ದರ್ಶನದ ಸಾಲಿನಲ್ಲಿ ನಿಂತರೂ ಸರಿ, ಉಮಾಪತಿಯವರ ಮನಸ್ಸು ಒಳಗೊಳಗೇ ಹತ್ತರವರೆಗೆ ಎಣಿಸುತ್ತದೆ, ತಲೆ ಒಮ್ಮೆ ಗಂಭೀರವಾಗಿ ತೂಗುತ್ತದೆ, ಮತ್ತೆ ಒಂದರಿಂದ ಶುರು.

ಆ ಮಧ್ಯಾಹ್ನ ಪೆಂಡುರ್ತಿಯ ಬಸ್ಸು ಬರಲಿಲ್ಲ. ಎದುರಿನ ಗ್ರಂಥಾಲಯದ ಮಹಡಿಯಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಬಾಗಿಲಲ್ಲಿ ಸ್ಟೀಲಿನ ಡ್ರಮ್ಮಿನಲ್ಲಿ ಮಜ್ಜಿಗೆ ಇತ್ತು. ಉಮಾಪತಿಯವರು ಟಿಫಿನ್ ಕ್ಯಾರಿಯರ್ ಹಿಡಿದುಕೊಂಡೇ ಹತ್ತಿದರು. ಒಳಗೆ ಬೆರಳೆಣಿಕೆಯ ಜನ. ವೇದಿಕೆಯ ಮೇಲೆ ಫಣೀಂದ್ರ ಎಂಬ ಇನ್ಶೂರೆನ್ಸ್ ಏಜೆಂಟರು ಕೊಳಲು ನುಡಿಸುತ್ತಿದ್ದರು. ಅವರ ದುರ್ದೈವವೋ ಸುದೈವವೋ, ಆ ದಿನ ಅವರು ಹಿಡಿದಿದ್ದು ಝಂಪೆ ತಾಳ. ಝಂಪೆಗೆ ಹತ್ತು ಅಕ್ಷರ. ಅದನ್ನು ಹಾಕಲು ಹೊರಡುವವರು ಕಡಿಮೆ, ಹಾಕಿ ದಡ ಸೇರುವವರು ಇನ್ನೂ ಕಡಿಮೆ. ಫಣೀಂದ್ರರು ಕಣ್ಣು ಬಿಟ್ಟು ನೋಡಿದಾಗ ಮುಂದಿನ ಸಾಲಿನಲ್ಲಿ ಒಬ್ಬ ಅಪರಿಚಿತರು ಕೈಯಾಡಿಸದೆ, ತೊಡೆ ತಟ್ಟದೆ, ಪ್ರತಿ ಹತ್ತನೆಯ ಅಕ್ಷರಕ್ಕೆ ಸರಿಯಾಗಿ ಒಮ್ಮೆ ತಲೆದೂಗುತ್ತಿದ್ದರು. ಫಣೀಂದ್ರರ ಉಸಿರು ಕೊಳಲಿನ ಹೊರಗೆ ಹೋಯಿತು. ಅವರ ಮೃದಂಗದವನೇ ಅಲ್ಲಿಯವರೆಗೆ ಹಾಗೆ ತಾಳ ಹಿಡಿದಿರಲಿಲ್ಲ.

ಕಛೇರಿ ಮುಗಿದ ಮೇಲೆ ಉಮಾಪತಿಯವರು ಮಜ್ಜಿಗೆಯ ಕಡೆ ಹೊರಟರೆ, ದಾರಿಯಲ್ಲಿ ಸತ್ಯಮೂರ್ತಿ ಎಂಬ ನಿವೃತ್ತ ತೆಲುಗು ಮೇಷ್ಟ್ರು ಎರಡೂ ಕೈ ಹಿಡಿದುಕೊಂಡರು. ಅವರು ಆಶುಕವಿಗಳು. ಕೇಳಿದ ತಕ್ಷಣ ಪದ್ಯ ಹೇಳುತ್ತಾರೆ. ಯಾರೂ ಕೇಳದಿದ್ದರೆ ಸ್ವಲ್ಪ ಕಾದು ಹೇಳುತ್ತಾರೆ. ಅವರಿಂದ ಉಮಾಪತಿಯವರಿಗೆ ತಿಳಿದದ್ದು ಇಷ್ಟು: ಇದೊಂದು ಬಳಗ. ಇದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಊರಿನಲ್ಲಿ ಕಲಾವಿದರು ಹೆಚ್ಚು, ಕೇಳುವವರು ಕಡಿಮೆ ಆದದ್ದರಿಂದ ತಾನಾಗಿ ಕೂಡಿಕೊಂಡದ್ದು. ಇರುವುದು ಒಂದೇ ಕಟ್ಟಳೆ. ನನ್ನ ಕಾರ್ಯಕ್ರಮಕ್ಕೆ ನೀನು ಬಂದು ಕೂತರೆ ನಿನ್ನದಕ್ಕೆ ನಾನು ಬಂದು ಕೂರುತ್ತೇನೆ.

ಉಮಾಪತಿಯವರಿಗೆ ಇದು ತಕ್ಷಣ ಅರ್ಥವಾಯಿತು. ನಮ್ಮ ಕಡೆ ರಾಗಿ ಹೊಲದಲ್ಲಿ ಕಳೆ ತೆಗೆಯುವಾಗ ಮುಯ್ಯಾಳು ಎನ್ನುತ್ತಾರಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಅದೇ. ಅರ್ಥವಾಗದೆ ಹೋದದ್ದು ಒಂದೇ: ಮುಯ್ಯಾಳಾಗಿ ಹೋಗುವವನಿಗೆ ಸ್ವಂತ ಹೊಲ ಇರಬೇಕು ಎಂಬುದು.

ಅದು ಹೊರಗೆ ಬರಬೇಕಾಗಿದ್ದದ್ದು ಮುಂದಿನ ವಾರವೇ. ಬಳಗದಲ್ಲಿ ವೀಣೆಯ ಲಕ್ಷ್ಮೀಕಾಂತಮ್ಮನವರಿದ್ದರು, ಎಲ್ಲರಿಗಿಂತ ಹಿರಿಯರು. ತಾವು ನುಡಿಸುವಾಗ ಯಾರು ಕೆಮ್ಮಿದರು, ಯಾರು ಎದ್ದು ಹೋದರು ಎಂಬುದನ್ನು ತಲೆಮಾರುಗಳವರೆಗೆ ನೆನಪಿಟ್ಟುಕೊಂಡವರು. ಅವರು ಉಮಾಪತಿಯವರನ್ನು ಎದುರಿಗೆ ಕೂರಿಸಿಕೊಂಡು, ತಮ್ಮದು ಯಾವ ವಿದ್ಯೆ ಎಂದು ಕೇಳಿದರು.

"ನನ್ನದೇನೂ ಇಲ್ಲಮ್ಮ" ಎಂದರು ಉಮಾಪತಿ. "ನನಗೆ ಏನೂ ಬರೋಲ್ಲ."

ಆ ಬಳಗದಲ್ಲಿ ಅಂಥ ಮಾತು ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಅಲ್ಲಿ ಎರಡು ರಾಗ ಬರುವವರು ಗಾನ ಎಂದು ಶುರುವಾಗುವ ಬಿರುದು ಇಟ್ಟುಕೊಂಡಿದ್ದರು. ಮೂರು ರಾಗ ಬರುವವರು ಆ ಬಿರುದನ್ನು ಚೀಲದ ಮೇಲೂ ಅಚ್ಚು ಹಾಕಿಸಿದ್ದರು. ಇಂಥ ಕಡೆ ಏನೂ ಬರುವುದಿಲ್ಲ ಎನ್ನಲು ಎಷ್ಟು ಬರಬೇಕು ಎಂದು ಲೆಕ್ಕ ಹಾಕಿ ಎಲ್ಲರೂ ದಂಗಾದರು. ಲಕ್ಷ್ಮೀಕಾಂತಮ್ಮನವರು ತಾವು ಕೂತಿದ್ದ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಇನ್ನೊಮ್ಮೆ ಕೇಳುವುದು ಆಂಧ್ರದ ಮರ್ಯಾದೆಗೆ ಸಲ್ಲದು. ಹಾಗಾಗಿ ಯಾರೂ ಕೇಳಲಿಲ್ಲ. ಕೇಳದೆ ಉಳಿದ ಜಾಗವನ್ನು ಅವರವರೇ ತುಂಬಿಕೊಂಡರು. ಲಯದಲ್ಲಿ ಮಹಾ ಪಂಡಿತರು ಎಂದರು ಫಣೀಂದ್ರ. ಮೈಸೂರಿನ ಆಸ್ಥಾನದ ಪರಂಪರೆ ಇರಬೇಕು ಎಂದರು ಲಕ್ಷ್ಮೀಕಾಂತಮ್ಮ. ಗುರುವಿಗೆ ಕೊಟ್ಟ ಮಾತಿಗಾಗಿ ಹಾಡುವುದನ್ನು ಬಿಟ್ಟವರು ಎಂದು ಮೇಷ್ಟ್ರು ಸೇರಿಸಿದರು. ಅದರ ಮೇಲೆ ಒಂದು ಪದ್ಯವೂ ಆಯಿತು.

ಉಮಾಪತಿಯವರಿಗೆ ಇದಾವುದೂ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಮುಂದಿನ ಸಾಲಿನ ಮಧ್ಯದ ಕುರ್ಚಿ. ಅದು ಅವರದು. ಅವರು ಬರುವವರೆಗೆ ಅದರಲ್ಲಿ ಯಾರೂ ಕೂರುವುದಿಲ್ಲ, ಕಾರ್ಯಕ್ರಮವೂ ಶುರುವಾಗುವುದಿಲ್ಲ. ಒಂದು ವಾರ ಜ್ವರವೆಂದು ಹೋಗದಿದ್ದರೆ ಫಣೀಂದ್ರರು ಫೋನ್ ಮಾಡಿ, ನಿಮ್ಮ ತಲೆ ಕಾಣದೆ ನನ್ನ ಕೊಳಲು ಏಳಲಿಲ್ಲ ಎಂದರು. ಅಷ್ಟು ದೊಡ್ಡ ಊರಿನಲ್ಲಿ ಅಷ್ಟು ವರ್ಷ ಬಾಳಿದ್ದ ಮನುಷ್ಯನಿಗೆ, ಯಾಕೆ ಬರಲಿಲ್ಲ ಎಂದು ಕೇಳಿದವರು ಕಾರ್ಖಾನೆಯ ಹಾಜರಿ ಗುಮಾಸ್ತರನ್ನು ಬಿಟ್ಟರೆ ಇವರೇ ಮೊದಲಿಗರು. ಆ ಕುರ್ಚಿಗಾಗಿ ಅವರು ಹರಿಕಥೆ ಕೇಳಿದರು, ಶತಾವಧಾನ ಕೇಳಿದರು, ಬಂದರಿನ ನಿವೃತ್ತ ಕ್ರೇನ್ ಚಾಲಕರೊಬ್ಬರು ಮೂಗಿನಿಂದ ಊದುವ ಶಂಖ ಕೇಳಿದರು. ಕೇಳುತ್ತಾ ಕೇಳುತ್ತಾ ಅದು ಅವರಿಗೆ ಹಿಡಿಸಿಯೂ ಬಿಟ್ಟಿತು.

ಸುಮ್ಮನೆ ಕೇಳಿಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ 2018ರ ಸಂಕ್ರಾಂತಿಗೆ ಅವರು ಅತ್ತೆಯ ಮನೆಗೆ ಹೋದರು.

ವಿಜಯವಾಡದ ಆ ಮನೆಯಲ್ಲಿ ಮಾತೆಂದರೆ ಮಾಧವೀಲತಾ ಅವರ ತಮ್ಮ ದಕ್ಷಿಣಾಮೂರ್ತಿಯದು. ಮಂಡಿಯಲ್ಲಿ ಲಾರಿಯ ಮೇಲಿರುವವನಿಗೆ ಕೇಳಿಸುವಂತೆ ಮಾತಾಡಿ ಅಭ್ಯಾಸವಾದವರು. ಮನೆಯಲ್ಲೂ ಅದೇ ಎತ್ತರ. ಹಬ್ಬಕ್ಕೆ ಬಂದ ಅತಿಥಿಗಳಿಗೆ ಅವರು ನೆಂಟರನ್ನು ಪರಿಚಯ ಮಾಡಿಸುತ್ತಿದ್ದರು. ದೊಡ್ಡ ಬಾವಗಾರಿಗೆ ಗುಡಿವಾಡದಲ್ಲಿ ರೈಸ್ ಮಿಲ್ಲು. ಚಿಕ್ಕಪ್ಪನಿಗೆ ಏಲೂರಿನಲ್ಲಿ ಮೀನಿನ ಕೆರೆ. ಇವರು ವೈಜಾಗ್ ಬಾವಗಾರು. ಇಷ್ಟು ಹೇಳಿ ಮುಂದಿನವರಿಗೆ ಹೋಗುವುದು ಪ್ರತಿವರ್ಷದ ಕ್ರಮ. ಊರಿನ ಹೆಸರಿನ ಮುಂದೆ ಏನೂ ಇಲ್ಲದ ಅಳಿಯ ಅವರೊಬ್ಬರೇ.

ಆ ವರ್ಷ ಉಮಾಪತಿಯವರಿಗೆ ಏನಾಯಿತೋ, ಅರಿಸೆಲು ಎಂಬ ಅಲ್ಲಿಯ ಕಜ್ಜಾಯ ತಿಂದ ಅಮಲೋ ಏನೋ, ತಾವಾಗಿ ಬಾಯಿ ತೆರೆದರು. "ಅಲ್ಲಿ ನಮ್ಮದೊಂದು ಕಲಾವಿದರ ಬಳಗ ಇದೆ."

ದಕ್ಷಿಣಾಮೂರ್ತಿ ಮಾತು ನಿಲ್ಲಿಸಿದರು. ಆ ಮನೆಯಲ್ಲಿ ಅಂಥ ನಿಶ್ಶಬ್ದ ಹಿಂದೆ ಆದದ್ದು ಸೇಲ್ಸ್ ಟ್ಯಾಕ್ಸಿನವರು ಬಂದಾಗ. ರೈಸ್ ಮಿಲ್ಲಿನ ಬಾವನ ಕೈಯಲ್ಲಿದ್ದ ಅರಿಸೆ ತಟ್ಟೆಗೆ ಬಿತ್ತು. ಅತ್ತೆ ಕೋಟೇಶ್ವರಮ್ಮ ಮೂಲೆಯ ಮಂಚದಿಂದ ಕನ್ನಡಕ ಹಾಕಿಕೊಂಡು ಅಳಿಯನನ್ನು ಹೊಸದಾಗಿ ನೋಡಿದರು. ಎಲ್ಲರಿಗಿಂತ ಹೆಚ್ಚು ಬೆರಗಾದವರು ಮಾಧವೀಲತಾ. ಗಂಡ ಸಂಜೆ ಹೊತ್ತು ವಾಕಿಂಗ್ ಹೋಗುತ್ತಾರೆ ಎಂದುಕೊಂಡಿದ್ದರು ಅವರು. ಆದರೆ ಎದುರಿಗೆ ರೈಸ್ ಮಿಲ್ಲಿನ ಅಕ್ಕ ಕೂತಿದ್ದರಿಂದ ಬೆರಗನ್ನು ನುಂಗಿ, ಇವರು ಹೇಳಿಕೊಳ್ಳುವುದಿಲ್ಲ ಅಷ್ಟೇ ಎಂದುಬಿಟ್ಟರು.

ಯಾವ ಕಲೆ ಬಾವಗಾರೂ ಎಂದು ದಕ್ಷಿಣಾಮೂರ್ತಿ ಕೇಳಿದರು. ಎಲ್ಲ ಥರದವರೂ ಇದ್ದೇವೆ ಎಂದರು ಉಮಾಪತಿ. ಹೋಲ್‌ಸೇಲ್ ವ್ಯಾಪಾರಿ ಚಿಲ್ಲರೆ ವಿವರ ಕೇಳುವುದಿಲ್ಲ. ವರ್ತಕರ ಸಂಘದ ವಾರ್ಷಿಕೋತ್ಸವ ಮುಂದಿನ ತಿಂಗಳಿತ್ತು, ಅದರಲ್ಲಿ ಬಾವಗಾರಿನ ಕಾರ್ಯಕ್ರಮ ಎಂದು ಅಲ್ಲೇ ತೀರ್ಮಾನವಾಯಿತು. ಉಮಾಪತಿಯವರು ಬೇಡ ಎನ್ನಲು ಬಾಯಿ ತೆರೆದಾಗ ಯಾರೋ ಅದರಲ್ಲಿ ಇನ್ನೊಂದು ಅರಿಸೆ ಇಟ್ಟರು. ದಕ್ಷಿಣಾಮೂರ್ತಿ ಬಳಗದ ಮೇಷ್ಟ್ರ ನಂಬರು ತೆಗೆದುಕೊಂಡು ಅಲ್ಲಿಂದಲೇ ಫೋನ್ ಮಾಡಿ ವಿಷಯ ತಿಳಿಸಿದರು.

ಅತ್ತ ವೈಜಾಗಿನಲ್ಲಿ ಸತ್ಯಮೂರ್ತಿ ಮೇಷ್ಟ್ರಿಗೆ ಆದ ಆಘಾತ ಸಂತೋಷದ್ದು. ಮಹಾನುಭಾವರು ಮೌನ ಮುರಿಯುತ್ತಿದ್ದಾರೆ. ಅದಕ್ಕಿಂತ ದೊಡ್ಡದು, ಬಳಗದ ತಲೆಯ ಮೇಲಿನ ಭಾರ ಇಳಿಯುತ್ತಿದೆ. ಅಷ್ಟೂ ದಿನ ಬಂದು ಕೂತ ಉಮಾಪತಿಯವರಿಗೆ ಬಳಗದವರು ಒಂದು ಸಲವೂ ಮುಯ್ಯಿ ತೀರಿಸಿರಲಿಲ್ಲ. ಅದು ಎಲ್ಲರಿಗೂ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಈಗ ಇಡೀ ಬಳಗ ವಿಜಯವಾಡಕ್ಕೆ ಹೊರಟಿತು. ಲಕ್ಷ್ಮೀಕಾಂತಮ್ಮನವರು, ತಾನೊಬ್ಬಳೇ ಬಂದರೆ ಆ ಋಣ ತೀರುವುದಿಲ್ಲವೆಂದು ತಂಗಿಯರನ್ನೂ ನಾದಿನಿಯರನ್ನೂ ಕೂಡಿಸಿಕೊಂಡರು.

ಉಮಾಪತಿಯವರು ವೈಜಾಗಿಗೆ ಮರಳಿದವರೇ ಮೇಷ್ಟ್ರ ಮನೆಗೆ ಓಡಿದರು. ನಿಜ ಹೇಳಿ ಕೈ ತೊಳೆದುಕೊಳ್ಳುವುದೆಂದು ನಿರ್ಧಾರ.

"ಮಾಸ್ಟಾರೂ, ನನಗೆ ಹಾಡೋಕೆ ಬರೋಲ್ಲ."

"ಹಾಡುವುದನ್ನು ಬಿಟ್ಟಿದ್ದೀರಿ. ಗೊತ್ತು."

"ಬಿಟ್ಟಿಲ್ಲ ಮಾಸ್ಟಾರೂ. ಹಿಡಿದೇ ಇರಲಿಲ್ಲ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಹಿಡಿಯದೇ ಇದ್ದುದನ್ನು ಬಿಡುವುದೆಂತು ಎಂದು ಅವರ ಬಾಯಿಂದ ಒಂದು ಪದ್ಯದ ಮೊದಲ ಸಾಲು ಬಂತು, ಉಳಿದ ಮೂರು ಸಾಲು ಅವರ ಹೆಂಡತಿ ಕಾಫಿ ತರುವಷ್ಟರಲ್ಲಿ ಬಂತು. ಉಮಾಪತಿಯವರು ಕಾಫಿ ಕುಡಿದು, ಪದ್ಯಕ್ಕೆ ತಲೆದೂಗಿ, ಮೊದಲಿಗಿಂತ ದೊಡ್ಡ ವಿದ್ವಾಂಸರಾಗಿ ಹೊರಗೆ ಬಂದರು.

ಆಮೇಲೆ ತಿಪಟೂರಿನ ಅಕ್ಕ ಜಯಮ್ಮನಿಗೆ ಫೋನ್ ಮಾಡಿದರು. ಚಿಕ್ಕವನಿದ್ದಾಗ ತನಗೆ ಏನಾದರೂ ಬರುತ್ತಿತ್ತೇ, ಹಾಡೋ ಕುಣಿತವೋ ಎಂದು ವಿಚಾರಿಸಿದರು.

"ನಾಟಕದಲ್ಲಿ ಪರದೆ ಎಳೀತಿದ್ದಲ್ಲೋ ಉಮಾ" ಎಂದರು ಜಯಮ್ಮ. "ಅದೂ ಒಂದ್ಸಲ ರಾಜ ಸಾಯೋದಕ್ಮುಂಚೇನೇ ಎಳ್ದುಬಿಟ್ಟೆ. ಆ ರಾಜ ಈಗ್ಲೂ ಸಂತೇಲಿ ಸಿಕ್ಕಿದ್ರೆ ನಿನ್ನ ಕೇಳ್ತಾನೆ."

ಉಳಿದದ್ದು ಹೆಂಡತಿ. ಅವರಿಗೂ ನಿಜ ಹೇಳಿದರು: ಬಸ್ಸು, ಫ್ಯಾನು, ಮಜ್ಜಿಗೆ. ಮಾಧವೀಲತಾ ಗೋಂಗುರ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಅಂದ್ರೆ ಇಷ್ಟು ದಿನಾ ಅಲ್ಲಿ ಏನೂ ಮಾಡ್ದೆ ಬರೀ ಕೇಳ್ತಾ ಕೂತಿದ್ರಾ?"

"ಹ್ಞೂಂ."

"ಎಷ್ಟೊತ್ತಂಡಿ?"

"ಒಂದೊಂದ್ಸಲ ಮೂರು ಗಂಟೆ. ಶತಾವಧಾನ ಆದ್ರೆ ಜಾಸ್ತಿ."

ಮಾಧವೀಲತಾ ಗಂಡನನ್ನು ಬಹಳ ಹೊತ್ತು ನೋಡಿದರು. ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ತವರಿನ ಮರ್ಯಾದೆಯ ಚಿಂತೆ ಎಂದುಕೊಂಡರು ಉಮಾಪತಿ. ಗಂಡಂದಿರು ಹೀಗೆ ಅಂದುಕೊಳ್ಳುವುದರಿಂದಲೇ ಸಂಸಾರಗಳು ಇಷ್ಟು ನೆಮ್ಮದಿಯಾಗಿ ಸಾಗುತ್ತಿರುವುದು.

ಕಾರ್ಯಕ್ರಮದ ಸಂಜೆ. ಒನ್ ಟೌನಿನಲ್ಲಿ ವರ್ತಕರ ಸಂಘದ ಹಾಲು ಮಹಡಿಯ ಮೇಲಿದೆ, ಕೆಳಗೆ ಮೆಣಸಿನಕಾಯಿ ಗೋದಾಮು. ಆದ್ದರಿಂದ ಅಲ್ಲಿಗೆ ಬಂದವರು ಮೊದಲು ಸೀನಿ, ಆಮೇಲೆ ನಮಸ್ಕರಿಸುತ್ತಾರೆ. ಬಾಗಿಲಿಗೆ ದೊಡ್ಡ ಫ್ಲೆಕ್ಸು. ಅದರ ಮೇಲೆ 'ಕರ್ಣಾಟಕ ಕಲಾಮೌನೀಂದ್ರ' ಎಂಬ ದಕ್ಷಿಣಾಮೂರ್ತಿಯವರೇ ಕೊಟ್ಟ ಬಿರುದು, ಅದರ ಕೆಳಗೆ ಉಮಾಪತಿಯವರ ಕಾರ್ಖಾನೆಯ ಗುರುತಿನ ಚೀಟಿಯ ಫೋಟೋ ಆಳೆತ್ತರಕ್ಕೆ. ನೋಡಿದವರಿಗೆ ಇವರು ಯಾವ ಕಲೆಯವರು ಎನ್ನುವುದಕ್ಕಿಂತ ಯಾವ ಜೈಲಿನವರು ಎಂಬ ಅನುಮಾನ ಬರುವಂತಿತ್ತು.

ಎಡಗಡೆ ವರ್ತಕರು, ಬಲಗಡೆ ರೈಲಿನಲ್ಲಿ ಬಂದಿಳಿದ ವೈಜಾಗಿನ ಬಳಗ. ಮುಖ್ಯ ಅತಿಥಿ ಕೃಷ್ಣಪ್ರಸಾದರು ಮಾರುಕಟ್ಟೆಗಳನ್ನು ನೋಡಿಕೊಳ್ಳುವ ಅಧಿಕಾರಿ. ಕಲೆ ಯಾವುದೆಂದು ಅವರಿಗೂ ಯಾರೂ ಹೇಳಿರಲಿಲ್ಲ. ನುರಿತ ಅಧಿಕಾರಿಯಾದ್ದರಿಂದ, ಅರವತ್ತನಾಲ್ಕು ವಿದ್ಯೆಗಳಲ್ಲಿ ಯಾವುದು ಬಂದರೂ ಒಗ್ಗುವಂತೆ ದೀಪ ಹಚ್ಚಿ ಮಾತಾಡಿದರು. ವೇದಿಕೆಯ ಮೇಲೆ ಜಮಖಾನ, ಮೈಕು, ಪಕ್ಕದಲ್ಲಿ ಬಾಡಿಗೆಗೆ ಬಂದ ಮೃದಂಗದವರು. ಯಾವುದಕ್ಕೆ ನುಡಿಸಬೇಕೆಂದು ಅವರು ಕಣ್ಣಲ್ಲೇ ಕೇಳಿದರು. ಉಮಾಪತಿಯವರು ಕಣ್ಣು ತಪ್ಪಿಸಿದರು.

ಪರದೆ ಸರಿಯಿತು. ಉಮಾಪತಿಯವರು ಕೂತೇ ಇದ್ದರು. ಮೈಕು ಗುಂಯ್ ಎನ್ನುತ್ತಿತ್ತು. ವರ್ತಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ವೈಜಾಗಿನವರು ಕಣ್ಣು ಮುಚ್ಚಿ ಆ ಮೌನವನ್ನೇ ಸವಿಯತೊಡಗಿದರು. ಲಕ್ಷ್ಮೀಕಾಂತಮ್ಮನವರು ತಂಗಿಗೆ ಪಿಸುಮಾತಿನಲ್ಲಿ, ಆಲಾಪನೆ ಹೇಗೆ ಎತ್ತುತ್ತಿದ್ದಾರೆ ನೋಡು ಎಂದರು.

ಉಮಾಪತಿಯವರು ಮುಂದಿನ ಸಾಲು ನೋಡಿದರು. ಸುಳ್ಳು ಹಾಡಿ ಕುರ್ಚಿ ಉಳಿಸಿಕೊಳ್ಳಲು ಹಾಡೂ ಬರುವುದಿಲ್ಲ. ನಿಜ ಹೇಳಿದರೆ ಕುರ್ಚಿ ಹೋಗುತ್ತದೆ. ಬೆವರು ಒರೆಸಿಕೊಂಡು, ತಮ್ಮ ತಿಪಟೂರು ತೆಲುಗಿನಲ್ಲಿ ಶುರು ಮಾಡಿದರು. ನನಗೆ ಏನೂ ಬರುವುದಿಲ್ಲ ಎಂದಾಗ ವೈಜಾಗಿನವರು ಕೈ ಜೋಡಿಸಿದರು. ಉಮಾಪತಿಯವರು ನಿಲ್ಲಿಸಲಿಲ್ಲ. ಬಸ್ಸಿನ ಕಥೆ ಹೇಳಿದರು, ಫ್ಯಾನಿನ ಕಥೆ ಹೇಳಿದರು, ಬೆಲ್ಟಿನ ಮೇಲೆ ಬರುವ ಸ್ಟ್ರಿಪ್ಪಿನ ಕಥೆ ಹೇಳಿದರು. ಜೋಡಿಸಿದ ಕೈಗಳು ಒಂದೊಂದಾಗಿ ಬಿಟ್ಟುಕೊಂಡವು.

ಫಣೀಂದ್ರ ಎದ್ದು ನಿಂತರು. "ಹಾಗಾದರೆ ನನ್ನ ಝಂಪೆ ತಾಳ?"

"ಮಾತ್ರೆ ಸಾರ್ ಅದು" ಎಂದರು ಉಮಾಪತಿ.

ಫಣೀಂದ್ರ ಕೂತರು. ಕುರ್ಚಿ ಇದ್ದ ಕಡೆಯೇ ಕೂತದ್ದು ಅವರ ಪುಣ್ಯ.

"ನನಗೆ ಸ್ವಂತ ಹೊಲ ಇಲ್ಲ" ಎಂದರು ಉಮಾಪತಿ. "ನೀವು ಮುಯ್ಯಿ ತೀರಿಸೋಕೆ ನನ್ನ ಹತ್ರ ಒಂದು ರಾಗವೂ ಇಲ್ಲ, ಒಂದು ಪದ್ಯವೂ ಇಲ್ಲ. ಕೂತು ಕೇಳೋದು ಹಿತವಾಗಿತ್ತು, ಬರ್ತಿದ್ದೆ. ಆ ಕುರ್ಚಿ ನನ್ನದಲ್ಲ. ತಪ್ಪಾಯ್ತು."

ಲಕ್ಷ್ಮೀಕಾಂತಮ್ಮನವರ ಮುಖ ಬಿಳಿಚಿಕೊಂಡಿತು. ಅವರು ಕೇಳಿದ ಪ್ರಶ್ನೆ ಇಡೀ ಹಾಲಿಗೆ ಕೇಳಿಸಿತು. "ನಾನು ತೋಡಿ ನುಡಿಸಿದಾಗ, ಕರೆಂಟು ಹೋಗಿ ಎಲ್ಲರೂ ಎದ್ದು ಹೋದರಲ್ಲ, ಅವತ್ತೂ ಹೀಗೇ ಕೂತಿದ್ದಿರಾ? ಏನೂ ಬಯಸದೆ?"

"ಮಜ್ಜಿಗೆ ಚೆನ್ನಾಗಿತ್ತಮ್ಮ" ಎಂದರು ಉಮಾಪತಿ. ಸುಳ್ಳು ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಬಳಗದವರು ತಲೆಯ ಮೇಲೆ ಕೈ ಹೊತ್ತರು. ಅವರ ವಾದ್ಯವನ್ನು, ಪದ್ಯವನ್ನು, ಶಂಖವನ್ನು ಅದುವರೆಗೆ ಕೇಳಿದವರೆಲ್ಲ ತಿರುಗಿ ಕೇಳಿಸುವ ಹಂಚಿಕೆಯವರು. ಬರೀ ಕೇಳಲು ಬಂದ ಒಂದು ಪ್ರಾಣಿ ತಮ್ಮ ನಡುವೆಯೇ ಕೂತಿತ್ತು, ತಾವು ಅದನ್ನು ವಿದ್ವಾಂಸ ಎಂದುಕೊಂಡಿದ್ದರು. ಎಡಗಡೆ ದಕ್ಷಿಣಾಮೂರ್ತಿ, ಕಾರ್ಯಕ್ರಮ ಮುಗಿಯಿತು, ಊಟಕ್ಕೆ ಏಳಿ ಎಂದು ಕೂಗಲು ಎದ್ದರು. ಅಧಿಕಾರಿ ಕೃಷ್ಣಪ್ರಸಾದರು ಪಕ್ಕದವರನ್ನು, ಈಗ ನಾನು ಉದ್ಘಾಟನೆ ಮಾಡಿದ್ದು ಏನನ್ನು ಎಂದು ಮೆಲ್ಲಗೆ ಕೇಳುತ್ತಿದ್ದರು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಕೋಟೇಶ್ವರಮ್ಮ ಎದ್ದರು. ಊರುಗೋಲು ಊರಿಕೊಂಡು, ಮಗ ಹಿಡಿಯಲು ಬಂದರೆ ಕೈ ಕೊಡವಿ, ವೇದಿಕೆ ಹತ್ತಿ ಅಳಿಯನ ಎದುರಿಗೆ ಕೂತರು. ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಅಲ್ಲುಡುಗಾರೂ, ಕೇಳುವುದೇ ನಿಮ್ಮ ಕೆಲಸವಾದರೆ ಕೇಳಿ. ನನ್ನದು ಬಹಳ ದಿನದಿಂದ ಉಳಿದುಹೋಗಿದೆ."

ಉಮಾಪತಿಯವರಿಗೆ ಜೀವ ಬಂತು. ಬೆನ್ನು ನೆಟ್ಟಗಾಯಿತು, ಕೈ ತೊಡೆಯ ಮೇಲೆ ಹೋಯಿತು, ಮುಖದ ಮೇಲೆ ದ್ವಾರಕಾನಗರದ ಆ ಗಾಂಭೀರ್ಯ ಮೂಡಿತು. ಕೋಟೇಶ್ವರಮ್ಮ ಹೇಳತೊಡಗಿದರು. ಮಗ ಹುಣಸೆಹಣ್ಣನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದಾನೆ, ತಾಯಿಯನ್ನು ಟೇಬಲ್ ಫ್ಯಾನಿನಲ್ಲಿ ಇಟ್ಟಿದ್ದಾನೆ. ಕೃಷ್ಣಾ ಪುಷ್ಕರದ ಸ್ನಾನಕ್ಕೆ ಸಂಘದವರನ್ನೆಲ್ಲ ಬಸ್ಸು ಮಾಡಿ ಕರೆದುಕೊಂಡು ಹೋದ, ಹೊಳೆಯಿಂದ ಕೂಗಳತೆಯಲ್ಲಿರುವ ಮನೆಯಲ್ಲಿ ತಾಯಿಯನ್ನು ಮರೆತು ಹೋದ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರವನ್ನು ಆಮೇಲೆ ಬಾಟಲಿಯಲ್ಲಿ ತಂದು, ತಲೆಗೆ ಹಾಕ್ಕೋ ಅಮ್ಮ ಎಂದ. ಮುಂದಿನ ಪುಷ್ಕರದ ಹೊತ್ತಿಗೆ ನಾನೇ ಬಾಟಲಿಯಲ್ಲಿ ಇರುತ್ತೇನೋ ಏನೋ.

ಉಮಾಪತಿಯವರು ತಲೆದೂಗಿದರು. ಅಷ್ಟು ಹೊತ್ತು ಕೆಲಸವಿಲ್ಲದೆ ಕೂತಿದ್ದ ಮೃದಂಗದವರು, ಇದೇ ಜಾಗ ಎಂದುಕೊಂಡು ಒಂದು ಮುಕ್ತಾಯ ನುಡಿಸಿದರು. ವರ್ತಕರು ಬಿಟ್ಟ ಬಾಯಿ ಮುಚ್ಚಲಿಲ್ಲ. ಒನ್ ಟೌನಿನ ಸಭೆಯಲ್ಲಿ ಅಂಥ ಭಾವಪೂರ್ಣ ಕಾರ್ಯಕ್ರಮ ಹಿಂದೆ ಆಗಿರಲಿಲ್ಲ. ದಕ್ಷಿಣಾಮೂರ್ತಿ ಮಾತ್ರ ಫ್ಲೆಕ್ಸಿನ ಹಿಂದೆ ಹೋಗಿ ನಿಂತಿದ್ದರು. ಎದುರಿಗೆ ಬಾವನ ಮುಖ, ಕೆಳಗೆ ಇವರ ಕಾಲು.

ಮಾತು ಮುಗಿಸಿದ ಕೋಟೇಶ್ವರಮ್ಮ, ನಡುವೆ ಯಾರೂ ಫೋನು ಎತ್ತದೆ ಇಷ್ಟು ಹೊತ್ತು ಮಾತಾಡಿ ಎಷ್ಟು ಕಾಲವಾಯಿತೋ ಎಂದು ಅಳಿಯನ ತಲೆ ಸವರಿ ಇಳಿದರು. ಇಳಿಯುವ ಮೆಟ್ಟಿಲಲ್ಲೇ ಒಬ್ಬ ಬೆಲ್ಲದ ವರ್ತಕರು ಹತ್ತುತ್ತಿದ್ದರು. ಅವರ ಹಿಂದೆ ಬೇಳೆಯವರು. ಬೇಳೆಯವರ ಹಿಂದೆ, ಭಾಷಣದ ಕಾಗದವನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು, ಅಧಿಕಾರಿ ಕೃಷ್ಣಪ್ರಸಾದರು. ಅವರಿಗೆ ತಮ್ಮ ವರ್ಗಾವಣೆಗಳ ಬಗ್ಗೆ ಹೇಳುವುದಿತ್ತು, ಇಲಾಖೆಯಲ್ಲಿ ಯಾರೂ ಪೂರ್ತಿ ಕೇಳಿರಲಿಲ್ಲ. ಸಾಲಿನ ಕೊನೆಗೆ ಫ್ಲೆಕ್ಸಿನ ಹಿಂದಿನಿಂದ ದಕ್ಷಿಣಾಮೂರ್ತಿಯೂ ಬಂದು ನಿಂತರು. ಟೇಬಲ್ ಫ್ಯಾನಿನ ವಿಷಯದಲ್ಲಿ ಅವರ ಕಡೆಯ ಮಾತು ಬೇರೆ ಇತ್ತಂತೆ.

ಇದನ್ನು ನೋಡಿದ ವರ್ತಕರ ಸಂಘದವರು ಅಲ್ಲೇ ಗುಂಪುಗೂಡಿ, ಪ್ರತಿ ಭಾನುವಾರ ಉಮಾಪತಿಗಾರು ಇಲ್ಲಿಗೆ ಬರಬೇಕು ಎಂದು ನಿರ್ಣಯ ಮಾಡಿದರು. ವೈಜಾಗಿನವರಿಗೆ ರಕ್ತ ಕುದಿಯಿತು. ಇವರು ನಮ್ಮವರು, ನಮ್ಮ ಹಾಲಿನಲ್ಲಿ ತಯಾರಾದವರು ಎಂದು ಫಣೀಂದ್ರ ಎದ್ದರು. ಝಂಪೆ ತಾಳವೋ ಮಾತ್ರೆಯೋ, ಆ ತಲೆ ನನಗೆ ಬೇಕು ಎಂದು ಅವರ ವಾದ. ನಮ್ಮ ಅಳಿಯ ಎಂದರು ಇವರು, ನಮ್ಮ ಕಿವಿ ಎಂದರು ಅವರು. ಎರಡೂ ಕಡೆಯವರು ಒಟ್ಟಿಗೇ ಕೂಗುತ್ತಿದ್ದರು; ಕೇಳಬಲ್ಲವರು ಒಬ್ಬರೇ, ಅವರು ವೇದಿಕೆಯ ಮೇಲೆ ಬೆಲ್ಲದವರ ಮಾತು ಕೇಳುತ್ತಿದ್ದರು. ಕೇಳುತ್ತಲೇ ಕಣ್ಣಂಚಿನಲ್ಲಿ ಜಗಳ ನೋಡಿ ಅವರ ಎದೆ ಅರಳಿತು. ಕುರ್ಚಿ ಹೋಗಿಲ್ಲ, ಎರಡು ಊರಿನಲ್ಲಿ ಎರಡಾಗಿದೆ.

ಆಗ ಮೂರನೆಯ ಸಾಲಿನಿಂದ ಮಾಧವೀಲತಾ ಬಂದರು. ಅವರು ವೇದಿಕೆ ಹತ್ತಲಿಲ್ಲ. ನೇರವಾಗಿ ಸತ್ಯಮೂರ್ತಿ ಮೇಷ್ಟ್ರ ಮುಂದೆ ನಿಂತು, ನಿಮ್ಮ ಬಳಗದ ಕಟ್ಟಳೆ ಏನೆಂದು ಕೇಳಿದರು. ಮೇಷ್ಟ್ರು ಹೇಳಿದರು. ನಾನು ನಿನ್ನದು ಕೇಳಿದರೆ ನೀನು ನನ್ನದು ಕೇಳಬೇಕು.

ಮಾಧವೀಲತಾ ಗಂಡನ ಕಡೆ ತಿರುಗಿದರು. ಆ ಮಾತು ಎಲ್ಲರಿಗೂ ಅರ್ಥವಾಗದಿರಲಿ ಎಂದೋ ಏನೋ ಕನ್ನಡದಲ್ಲಿ ಆಡಿದರು. ಆದರೆ ಅದು ಎಲ್ಲರಿಗೂ ಅರ್ಥವಾಯಿತು.

"ಮದುವೆ ಆದಾಗಿನಿಂದ ನಿಮ್ಮ ಶಿಫ್ಟು, ನಿಮ್ಮ ಮಂಡಿನೋವು, ತಿಪಟೂರಿನ ತೆಂಗಿನಮರದ ತಕರಾರು, ಎಲ್ಲಾ ಕೇಳಿದ್ದೀನಂಡಿ. ನಾನು ಶುರು ಮಾಡಿದ್ರೆ ನಿಮ್ಗೆ ಬಸ್ಸು ಬರುತ್ತೆ. ಊರಿನ ಶಂಖ ಎಲ್ಲಾ ಕೇಳಿದ್ರಲ್ಲ. ನನ್ನ ಮುಯ್ಯಿ ಯಾವಾಗ?"

ಆ ಸಂಜೆ ಹಾಲಿನಲ್ಲಿ ಹಲವು ಆಘಾತಗಳಾಗಿದ್ದವು, ಆದರೆ ಅವೆಲ್ಲ ಇದರ ಮುಂದೆ ಸೀನು. ಬೆಲ್ಲದ ವರ್ತಕರು ಅರ್ಧ ಮಾತಿನಲ್ಲಿ ಎದ್ದು ಕೆಳಗಿಳಿದರು. ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರನ್ನು ನೋಡಿದರು. ಗಂಡಂದಿರೆಲ್ಲ ಫ್ಯಾನು ನೋಡಿದರು. ಉಮಾಪತಿಯವರ ಬಾಯಿ ತೆರೆಯಿತು, ಏನೂ ಬರಲಿಲ್ಲ. ಈ ಸಲ ನಿಜವಾಗಿಯೂ ಏನೂ ಬರುವುದಿಲ್ಲವೆಂದು ಎಲ್ಲರಿಗೂ ತಿಳಿಯಿತು.

ಹೆಸರಿಲ್ಲದ, ಅಧ್ಯಕ್ಷರಿಲ್ಲದ ಆ ಬಳಗ ತನ್ನ ಬಾಳಿನಲ್ಲಿ ಮೊದಲ ಸಲ ತೀರ್ಪು ಕೊಟ್ಟಿತು. ಕೊಟ್ಟವರು ಲಕ್ಷ್ಮೀಕಾಂತಮ್ಮ. ಹಳೆಯ ಮುಯ್ಯಿ ಮೊದಲು ಎಂದರು. ಕುರ್ಚಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಆದರೆ ಈ ಹೆಣ್ಣುಮಗಳದು ಮುಗಿಯುವವರೆಗೆ ಇವರು ಅದರಲ್ಲಿ ಕೂರುವ ಹಾಗಿಲ್ಲ. ಮೇಷ್ಟ್ರು ತಮ್ಮ ಉತ್ತರೀಯ ತೆಗೆದು, ಹೋಗಿ ಅದನ್ನು ಆ ಕುರ್ಚಿಯ ಮೇಲೆ ಹಾಕುತ್ತೇನೆ, ಬಸ್ಸಿನಲ್ಲಿ ಸೀಟಿಗೆ ಹಾಕುವ ಹಾಗೆ ಎಂದರು. ವರ್ತಕರ ಸಂಘದವರು ಎದುರಾಡಲಿಲ್ಲ. ಅವರ ಹೆಂಡತಿಯರು ಅಲ್ಲೇ ಇದ್ದರು.

ಈಗ ಪೆಂಡುರ್ತಿಯಲ್ಲಿ ಸಂಜೆ ಹೊತ್ತು ಆ ಬೀದಿಯಲ್ಲಿ ಹಾದುಹೋದರೆ ನೀವೂ ನೋಡಬಹುದು. ಬಾಗಿಲ ಮೆಟ್ಟಿಲ ಮೇಲೆ ಮಾಧವೀಲತಾ ಮಾತಾಡುತ್ತಿರುತ್ತಾರೆ, ಒಂದು ಮೆಟ್ಟಿಲು ಕೆಳಗೆ ಉಮಾಪತಿಯವರು ಕೂತಿರುತ್ತಾರೆ. ಮೊದಮೊದಲು ಕುರ್ಚಿಯ ಆಸೆಗೆ ಕೂತರು, ಬೇಗ ಮುಗಿದೀತು ಎಂದು. ಮೊನ್ನೆ ಫಣೀಂದ್ರರು ತಡೆಯಲಾರದೆ ಫೋನ್ ಮಾಡಿ, ಎಲ್ಲಿಯವರೆಗೆ ಬಂತು ಎಂದು ವಿಚಾರಿಸಿದರಂತೆ. ಉಮಾಪತಿಯವರು ಫೋನಿಗೆ ಕೈ ಅಡ್ಡ ಹಿಡಿದು ಉತ್ತರ ಕೊಟ್ಟರು.

"ಇನ್ನೂ ಮದುವೆ ಮನೇಲೇ ಇದ್ದೀವಿ ಸಾರ್. ನಮ್ಮ ಕಡೆಯವರು ಇವರ ಹುಣಸೆಹಣ್ಣಿನ ಪಪ್ಪುಚಾರಿಗೆ ಕೊಬ್ಬರಿ ಹಾಕಿದಾಗ ಇವರ ಸೋದರತ್ತೆ ಎಲೆ ಮುಂದಿಂದ ಎದ್ದುಹೋದರಂತೆ. ನನಗೆ ಗೊತ್ತೇ ಇರಲಿಲ್ಲ."

ಕುರ್ಚಿ ಹಾಗೇ ಇದೆ ಎಂದು ಫಣೀಂದ್ರರು ಹೇಳುತ್ತಿದ್ದರು. ಆದರೆ ಉಮಾಪತಿಯವರು ಫೋನ್ ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿಯಾಗಿತ್ತು.

"ಆಮೇಲೆ?" ಎಂದರು.